ಜೋಗಕ್ಕೆ ಹೊರಟವರು ಊಟ ಸಾಗರದಲ್ಲೇ ಮುಗಿಸಿ

ನೇರವಾಗಿ ಹೇಳಿಬಿಡುತ್ತೇನೆ. ಶಿವಮೊಗ್ಗದಿಂದ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಜೋಗಕ್ಕೆ ಹೊರಟಿದ್ದರೆ ಮಧ್ಯಾಹ್ನದ ಊಟಕ್ಕೆ ಜೋಗದವರೆಗೂ ಕಾಯಬೇಡಿ. ಸಾಗರದಲ್ಲೇ ಮುಗಿಸಿ. "ಇನ್ನೂ ಹನ್ನೆರಡೂವರೆ, ಈಗಲೇ ಊಟನಾ?" ಅಂತ ಕಾರಿನಲ್ಲಿ ಯಾರಾದರೂ ರಾಗ ತೆಗೆದರೆ ಕಿವಿಗೆ ಹಾಕಿಕೊಳ್ಳಬೇಡಿ. ಆ ರಾಗ ತೆಗೆದವರೇ ಎರಡು ಗಂಟೆಗೆ ಮುಖ ಊದಿಸಿಕೊಂಡು ಕೂತಿರುತ್ತಾರೆ.

ದಸರಾ ಹಬ್ಬ ಮುಗಿದ ಮೇಲೆ ನನ್ನ ನಾದಿನಿ ಬೆಂಗಳೂರಿನಿಂದ ಮಕ್ಕಳ ಸಮೇತ ಬಂದಿದ್ದಳು. ಹಿಂದಿನ ರಜೆಯಲ್ಲಿ ಬಿಡದಿಯ ವಂಡರ್‌ಲಾ ನೋಡಿದ ಮಕ್ಕಳು. ಅಲ್ಲಿ ಊಟದ ವಿಷಯ ಸುಲಭ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಒಳಗಿರುವ ನಾಲ್ಕಾರು ಕಡೆ ಒಂದು ಕಡೆ ಕೂತು ತಿನ್ನಬೇಕು, ಮುಗಿಯಿತು. ನಮ್ಮ ಶಿವಮೊಗ್ಗ ಒಂದು ಥೀಮ್ ಪಾರ್ಕ್ ಅಂದುಕೊಂಡರೆ ಅದಕ್ಕೆ ಬೇಲಿಯೇ ಇಲ್ಲ. ಆನೆ ತೀರ್ಥಹಳ್ಳಿ ರಸ್ತೆಯಲ್ಲಿ, ಹುಲಿ ಸಾಗರ ರಸ್ತೆಯಲ್ಲಿ, ಜಲಪಾತ ನೂರು ಕಿಲೋಮೀಟರ್ ಆಚೆ. ಎಲ್ಲಿ ಏನು ನೋಡಬೇಕು ಅನ್ನುವುದನ್ನು ಯಾರು ಬೇಕಾದರೂ ಹೇಳುತ್ತಾರೆ. ಎಲ್ಲಿ ತಿನ್ನಬೇಕು ಅನ್ನುವಾಗ ಎಲ್ಲರೂ ನನ್ನ ಮುಖ ನೋಡುತ್ತಾರೆ.

ನಮ್ಮ ತಂಡ ಹೇಗಿತ್ತು ಅಂದರೆ, ಅತ್ತೆಗೆ ಸಕ್ಕರೆ ಕಾಯಿಲೆ, ಮಾತ್ರೆ ತೆಗೆದುಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು. ಮೇಲಾಗಿ ಶನಿವಾರ ಅವರು ಮೀನು-ಮಾಂಸ ಮುಟ್ಟುವುದಿಲ್ಲ, ಅದನ್ನು ಬೇಯಿಸುವ ಹೋಟೆಲಿಗೂ ಕಾಲಿಡುವುದಿಲ್ಲ. ನಮ್ಮನೆಯವರಿಗೆ ಊರು ಬಿಟ್ಟು ಹೊರಗೆ ಹೋದರೆ ಕೋಳಿಸಾರು ಇರಲೇಬೇಕು. ನಾದಿನಿಯ ಮಗಳು ಏನು ಕೊಟ್ಟರೂ ತಿನ್ನುತ್ತಾಳೆ, ಪುಣ್ಯಾತ್ಗಿತ್ತಿ. ಚಿಕ್ಕವನು ಮಾತ್ರ ದೋಸೆ, ಮೊಸರನ್ನ ಬಿಟ್ಟು ಬೇರೆ ಏನನ್ನೂ ಊಟ ಅಂತ ಒಪ್ಪಿಕೊಂಡಿಲ್ಲ.

ಶನಿವಾರ ಬೆಳಗ್ಗೆ ತಿಂಡಿ ಊರಿನ ಹಳೇ ಮೀನಾಕ್ಷಿ ಭವನದಲ್ಲಿ. ಇದರ ಬಗ್ಗೆ ನಾನೇನು ಹೊಸದಾಗಿ ಹೇಳಲಿ? ಶಿವಮೊಗ್ಗದವರು ನೆಂಟರನ್ನು ಕರೆದುಕೊಂಡು ಹೋಗುವುದೇ ಅಲ್ಲಿಗೆ. ಮಸಾಲೆ ದೋಸೆ ಹೇಳಿ, ಕಾಫಿ ಹೇಳಿ, ಚಿಕ್ಕವನಿಗೆ ಪಲ್ಯ ಇಲ್ಲದ ಖಾಲಿ ದೋಸೆ ಹೇಳಿ. ರಜೆ ದಿನ ಬೇಗ ಹೋದರೆ ಒಳ್ಳೆಯದು, ತಡವಾದರೆ ಟೇಬಲ್ಲಿಗೆ ಕಾಯಬೇಕು.

ಅಲ್ಲಿಂದ ತ್ಯಾವರೆಕೊಪ್ಪ. ಊರಿನಿಂದ ಸುಮಾರು 10 ಕಿ.ಮೀ., ಸಾಗರದ ದಾರಿಯಲ್ಲೇ ಸಿಗುತ್ತದೆ. ಹೀಗಾಗಿ ಹುಲಿ-ಸಿಂಹ ಸಫಾರಿ ಮತ್ತು ಜೋಗ ಒಂದೇ ದಿನ ಇಟ್ಟುಕೊಳ್ಳುವುದು ಸರಿ. ಮಂಗಳವಾರ ಸಫಾರಿ ಇರುವುದಿಲ್ಲ, ನೆನಪಿರಲಿ. ಇಲ್ಲಿ ಊಟದ ಗೊಡವೆಗೆ ಹೋಗಬೇಡಿ. ಮಕ್ಕಳು ಐಸ್‌ಕ್ರೀಮ್ ಕೇಳುತ್ತಾರೆ, ಒಂದು ಕೊಡಿಸಿ, ಬೇಗ ಹೊರಟುಬಿಡಿ.

ಆಯನೂರು, ಕುಂಸಿ, ಚೋರಡಿ, ಆನಂದಪುರ ದಾಟಿ ಸಾಗರ. ಆನಂದಪುರ ಹತ್ತಿರ ಬರುತ್ತಿದ್ದಂತೆ ನಾದಿನಿ ಫೋನು ತೆಗೆದು ಜೋಗದ ಹತ್ತಿರದ ಹೋಟೆಲ್ ಹುಡುಕಲು ಶುರು ಮಾಡಿದಳು.

"ಅತ್ತಿಗೆ, ಇದಕ್ಕೆ ನಾಲ್ಕೂವರೆ ಸ್ಟಾರ್ ಇದೆ ನೋಡಿ. ಎಲ್ರೂ ವ್ಯೂ ಸೂಪರ್ ಅಂತ ಬರ್ದಿದಾರೆ."

"ಊಟ ಹೇಗಿದೆ ಅಂತ ಯಾರಾದ್ರೂ ಬರ್ದಿದಾರಾ?"

ಸ್ವಲ್ಪ ಹೊತ್ತು ಬೆರಳಾಡಿಸಿ ಸುಮ್ಮನಾದಳು. ವ್ಯೂ ಬಗ್ಗೆಯೇ ಇಷ್ಟು ಜನ ಬರೆದಿದ್ದಾರೆ ಅಂದರೆ ಸಾರಿನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ ಅಂತ ನನ್ನ ಲೆಕ್ಕ. ನಾನು ಸ್ಟಾರ್ ನೋಡುವುದಿಲ್ಲ, ಫೋಟೋ ನೋಡುತ್ತೇನೆ. ವಯಸ್ಸಾದವರು ಕೂತಿರುವ ಫೋಟೋ ಇದೆಯಾ, ಮೆಟ್ಟಿಲು ಎಷ್ಟಿದೆ, ಕೈ ತೊಳೆಯುವ ಜಾಗ ಹೇಗಿದೆ. ಬರೀ ಯುವಕರ ಸೆಲ್ಫಿ ತುಂಬಿದ್ದರೆ ಅದು ನಮ್ಮಂಥವರಿಗಲ್ಲ.

ಈಗ ಸಾಗರದ ಊಟ. ಪೇಟೆಯ ಒಳಗೆ, ಒಂದು ಓಣಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ನಡೆಸುವ ಮೆಸ್. ಹೆಸರು ಬರೆಯಬೇಡಿ ಅಂತ ಮೆಸ್ಸಿನ ಅಮ್ಮನೇ ಕೇಳಿಕೊಂಡಿದ್ದಾರೆ. "ಇದ್ದ ಜನಕ್ಕೇ ಬಡಿಸಕ್ಕೆ ಕೈ ಸಾಲ್ತಿಲ್ಲ ಮಾರಾಯ್ತಿ" ಅಂದರು. ಪೇಟೆಯಲ್ಲಿ ಯಾವ ಅಂಗಡಿಯಲ್ಲಾದರೂ "ಮನೆ ಊಟ ಎಲ್ಲಿ ಸಿಗತ್ತೆ" ಅಂತ ಕೇಳಿ, ಇಂಥ ಒಂದೆರಡು ಜಾಗ ಕೈ ತೋರಿಸುತ್ತಾರೆ. ಬೆಳಗ್ಗೆಯೇ ಫೋನ್ ಮಾಡಿ ಎಷ್ಟು ಎಲೆ ಅಂತ ಹೇಳಬೇಕು. ಹೇಳದೆ ಹೋದರೆ ಅನ್ನ-ಸಾರು ಸಿಗಬಹುದು, ಕರಕಲಿ ಸಿಗುವುದಿಲ್ಲ.

ಕರಕಲಿಗಾಗಿಯೇ ಹೋಗಬೇಕಾದ ಜಾಗ ಇದು. ಕೆಸುವಿನ ಸೊಪ್ಪನ್ನು ಹುಳಿ ಹಾಕಿ, ಎಲೆಯೋ ದಂಟೋ ಗೊತ್ತಾಗದಷ್ಟು ಬೇಯಿಸಿ, ಸೂಜಿಮೆಣಸು ನುರಿದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿರುತ್ತಾರೆ. ಹುಳಿ ಸಾಲದಿದ್ದರೆ ಗಂಟಲು ತುರಿಸುತ್ತದೆ. ಅದಕ್ಕೇ ಗೊತ್ತಿಲ್ಲದ ಕಡೆ ಕೆಸು ತಿನ್ನಲು ನನಗೆ ಹೆದರಿಕೆ. ಇಲ್ಲಿ ಆ ಹೆದರಿಕೆ ಇಲ್ಲ. ಬಾಳೆ ಎಲೆಯ ತುದಿಯಲ್ಲಿ ಕಪ್ಪು ಹಸಿರಿನ ಒಂದು ಮುದ್ದೆ ಹಾಕುತ್ತಾರೆ, ಅದರ ಪಕ್ಕಕ್ಕೆ ಬಿಸಿ ಅನ್ನ, ಮೇಲೆ ಒಂದು ಚಮಚ ತುಪ್ಪ. ಬೆರಳ ತುದಿಯಷ್ಟು ಕರಕಲಿಗೆ ಒಂದು ತುತ್ತು ಅನ್ನ, ಅದೇ ಸರಿಯಾದ ಅಳತೆ. ಅದಕ್ಕಿಂತ ಜಾಸ್ತಿ ಕಲಸಿದರೆ ಸೂಜಿಮೆಣಸು ಬಿಡುವುದಿಲ್ಲ. ನಾದಿನಿಯ ಯಜಮಾನರು ಚಟ್ನಿ ಅಂದುಕೊಂಡು ಒಟ್ಟಿಗೆ ಕಲಸಿಬಿಟ್ಟರು. ಕಣ್ಣಲ್ಲಿ ನೀರು. ಆದರೂ ಎಲೆ ಖಾಲಿ ಮಾಡಿದರು, ಅಷ್ಟೇ ಅಲ್ಲ, ಇನ್ನೊಮ್ಮೆ ಹಾಕಿಸಿಕೊಂಡರು.

ಒಂದೆಲಗದ ತಂಬುಳಿ ತಣ್ಣಗೆ, ತೆಳ್ಳಗೆ ಇತ್ತು. ಬದನೆಕಾಯಿ ಹುಳಿ ಪರವಾಗಿಲ್ಲ, ನಮ್ಮನೆಯಲ್ಲೂ ಹಾಗೇ ಆಗುತ್ತದೆ. ಪಲ್ಯಕ್ಕೆ ಬೆಲ್ಲ ಜಾಸ್ತಿ, ಇದು ನನ್ನ ದೂರು. ಅತ್ತೆಗೆ ಬೆಲ್ಲ ಆಗುವುದಿಲ್ಲ ಅಂದಾಗ ಆ ಅಮ್ಮ ಒಳಗೆ ಹೋಗಿ ಬೆಲ್ಲ ಹಾಕದ ಹಾಗಲಕಾಯಿ ತಂದರು, ಅವರ ಮನೆಯವರಿಗೆ ಅಂತ ಎತ್ತಿಟ್ಟಿದ್ದು. ಅಪ್ಪೆಹುಳಿಯನ್ನು ಲೋಟದಲ್ಲಿ ಕೊಟ್ಟರು. ಮಾವಿನಕಾಯಿ ಹುಳಿ, ಇಂಗಿನ ಒಗ್ಗರಣೆ, ನೀರಿನಂತೆ ತೆಳು. ದಾರಿಯ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ ಅಂತ ಸಪ್ಪಗಿದ್ದ ನಾದಿನಿ ಎರಡು ಲೋಟ ಕುಡಿದು ನೆಟ್ಟಗಾದಳು.

ಮಿಡಿ ಉಪ್ಪಿನಕಾಯಿ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಜೀರಿಗೆ ಮಿಡಿ, ತೊಟ್ಟಿನ ಸಮೇತ. ಪೇಟೆಯಲ್ಲಿ ಬಾಟಲಿಗಳಲ್ಲಿ ಸಿಗುವ ಎಷ್ಟೋ ಮಿಡಿ ಮೆತ್ತಗಾಗಿ ಹೋಗಿರುತ್ತವೆ. ಇದು ಕಚ್ಚಿದರೆ ಕರುಮ್ ಅನ್ನುತ್ತದೆ, ಆಮೇಲೆ ಬಾಯಿತುಂಬ ಜೀರಿಗೆಯ ಘಮ. ಕೊಡ್ತೀರಾ ಅಂತ ಕೇಳಿದೆ. ಮಾರಾಟಕ್ಕಿಲ್ಲ ಅಂದರು.

ಚಿಕ್ಕವನು ಎಲೆ ನೋಡಿಯೇ ಅಳುವ ಮುಖ ಮಾಡಿದ್ದ. ಯಾರೂ ಏನೂ ಹೇಳುವ ಮೊದಲೇ ಒಂದು ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಬಂತು. ಅದಕ್ಕೆ ಮೆಣಸಿನಕಾಯಿ ಇಲ್ಲ, ಶುಂಠಿ ಇಲ್ಲ, ಕೊತ್ತಂಬರಿ ಸೊಪ್ಪೂ ಇಲ್ಲ. ಜೊತೆಗೆ ಒಂದು ಹಲಸಿನ ಹಪ್ಪಳ. ಹೊರಗೆ ಮಕ್ಕಳ ಮೆನು ಅಂತ ಕೆಂಪು ಸಾಸಿನ ನೂಡಲ್ಸಿಗೆ ದುಡ್ಡು ಕೀಳುವವರು ಇದನ್ನು ಒಮ್ಮೆ ಬಂದು ನೋಡಬೇಕು.

ಕೊರತೆ ಇಲ್ಲ ಅಂತಲ್ಲ. ಜಾಗ ಚಿಕ್ಕದು, ಒಂದು ಪಂಕ್ತಿ ಎದ್ದ ಮೇಲೇ ಇನ್ನೊಂದು. ಬೆಂಚಿಗೆ ಬೆನ್ನಾನಿಕೆ ಇಲ್ಲ, ಅತ್ತೆಗೆ ಗೋಡೆ ಬದಿಯ ಜಾಗ ಹಿಡಿದುಕೊಟ್ಟೆವು. ಕಾರು ಓಣಿಯೊಳಗೆ ಬರುವುದಿಲ್ಲ. ಶೌಚಾಲಯ ಮನೆಯ ಹಿತ್ತಲಲ್ಲಿ, ಸ್ವಚ್ಛವಾಗಿದೆ, ಆದರೆ ಮಳೆ ಬಂದರೆ ಕೊಡೆ ಹಿಡಿದು ಹೋಗಬೇಕು.

ಸಾಗರದಿಂದ ಜೋಗ 30 ಕಿ.ಮೀ. ಚಿಲ್ಲರೆ. ಹೊಟ್ಟೆ ತುಂಬಿದವರು ಜಲಪಾತವನ್ನು ಸಮಾಧಾನವಾಗಿ ನೋಡುತ್ತಾರೆ. ರಾಜ, ರಾಣಿ, ರೋರರ್, ರಾಕೆಟ್ ಯಾವುದು ಯಾವುದು ಅಂತ ಮಕ್ಕಳಿಗೆ ತೋರಿಸುವ ತಾಳ್ಮೆ ಇರುತ್ತದೆ. 253 ಮೀಟರ್ ಮೇಲಿಂದ ಬೀಳುವ ನೀರನ್ನು ಮಂಜು ಮುಚ್ಚಿದರೆ ಅದು ಸರಿಯುವವರೆಗೆ ಕಾಯಬೇಕಲ್ಲ, ಹಸಿದ ಮಕ್ಕಳನ್ನು ಇಟ್ಟುಕೊಂಡು ಯಾರಿಂದ ಆಗುತ್ತದೆ?

ಹಿಂದೊಮ್ಮೆ ಜಲಪಾತದ ಆಸುಪಾಸಿನ ಒಂದು ಹೋಟೆಲಿನಲ್ಲಿ ಎರಡೂವರೆಗೆ ಊಟಕ್ಕೆ ಕೂತಿದ್ದೆವು. ಮೊದಲೇ ದುಡ್ಡು ಕಟ್ಟಿಸಿಕೊಂಡು ಟೋಕನ್ ಕೊಟ್ಟರು. ಆಮೇಲೆ ಸಾಂಬಾರ್ ಖಾಲಿ, ಪಲ್ಯ ಖಾಲಿ, ಚಪಾತಿ "ಬರ್ತಾ ಇದೆ". ಬರಲೇ ಇಲ್ಲ. ಕೊನೆಗೆ ಅನ್ನಕ್ಕೆ ತಿಳಿಸಾರು ಕಲಸಿಕೊಂಡು ಎದ್ದು ಹೋದರೆ ಕೈ ತೊಳೆಯಲು ನಲ್ಲಿಯಲ್ಲಿ ನೀರಿಲ್ಲ. ಮಳೆ ಧೋ ಅಂತ ಸುರಿಯುತ್ತಿತ್ತು, ಸೂರಿನ ನೀರಿಗೆ ಕೈ ಒಡ್ಡಿ ತೊಳೆದುಕೊಂಡೆವು. ಎಲ್ಲ ಹೋಟೆಲೂ ಹಾಗೇ ಅಂತ ನಾನು ಹೇಳುವುದಿಲ್ಲ. ವಾರಾಂತ್ಯಕ್ಕೆ ಒಮ್ಮೆಲೇ ಬಂದಿಳಿಯುವ ಜನಕ್ಕೆ ಯಾರು ಎಷ್ಟಂತ ಬೇಯಿಸುತ್ತಾರೆ? ಜಲಪಾತದ ಹತ್ತಿರವೇ ಇರುವ ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಹೋಟೆಲು ಮಯೂರ ಗೇರುಸೊಪ್ಪದಲ್ಲಿ ರೂಮು ಮಾಡಿ ಉಳಿದುಕೊಳ್ಳುವವರ ಮಾತು ಬೇರೆ. ಒಂದು ದಿನಕ್ಕೆ ಹೋಗಿಬರುವವರು ಜೋಗದಲ್ಲಿ ಸುಟ್ಟ ಜೋಳ, ಉಪ್ಪು-ಖಾರ ಹಚ್ಚಿದ ಅನಾನಸು, ಒಂದು ಬಿಸಿ ಚಹಾ, ಇಷ್ಟಕ್ಕೆ ನಿಲ್ಲಿಸುವುದು ಒಳ್ಳೆಯದು. ಜೋಳವನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡಬೇಡಿ, ಮಂಗಗಳಿವೆ. ನಾದಿನಿಯ ಮಗಳ ಜೋಳ ಹೋಯಿತು, ಅವಳು ಅತ್ತದ್ದಕ್ಕಿಂತ ನಕ್ಕದ್ದೇ ಜಾಸ್ತಿ.

ಭಾನುವಾರ ಸಕ್ರೆಬೈಲು. ಶಿವಮೊಗ್ಗದಿಂದ 14 ಕಿ.ಮೀ., ಗಾಜನೂರು ಅಣೆಕಟ್ಟೆಯ ಹಿನ್ನೀರಿನ ದಂಡೆ. ಆನೆಗಳ ಸ್ನಾನ, ಮೇವು ಎಲ್ಲ ಬೆಳಗ್ಗೆಯೇ, ಮಧ್ಯಾಹ್ನಕ್ಕೆ ಮೊದಲೇ ಮುಗಿದು ಅವು ಕಾಡಿಗೆ ಹೋಗಿಬಿಡುತ್ತವೆ. ಅದಕ್ಕೆ ಹೋಟೆಲ್ ತಿಂಡಿಗೆ ಹೊತ್ತು ಕಳೆಯದೆ ಮನೆಯಿಂದಲೇ ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಕೊಂಡು ಹೋಗಿ ಕಾರಿನಲ್ಲೇ ತಿಂದೆವು. ಮಾವುತರು ಒಣಹುಲ್ಲಿನಲ್ಲಿ ಭತ್ತ, ಬೆಲ್ಲ ಇಟ್ಟು ಸುತ್ತಿದ ಕುಸುರೆಯನ್ನು ಆನೆಯ ಬಾಯಿಗೆ ಇಡುತ್ತಿದ್ದರು. ಚಿಕ್ಕವನು ಅದನ್ನು ನೋಡಿ, "ಅತ್ತೆ, ಅದಕ್ಕೆ ಖಾರ ಹಾಕಲ್ವಾ?" ಅಂತ ಕೇಳಿದ. ಇಲ್ಲ ಅಂದೆ. ಆನೆ ಆಗಿದ್ದರೆ ಒಳ್ಳೆಯದಿತ್ತು ಅನ್ನುವ ಹಾಗೆ ನೋಡಿದ.

ಅಂದು ಅತ್ತೆಗೆ ಮೀನು-ಮಾಂಸ ನಡೆಯುತ್ತದೆ. ಹಾಗಾಗಿ ಮಧ್ಯಾಹ್ನ ಊರಿಗೆ ಮರಳಿ ನಮ್ಮನೆಯವರ ಮಾಮೂಲಿ ಮಿಲಿಟರಿ ಹೋಟೆಲು. ಕಡುಬು, ನಾಟಿಕೋಳಿ ಸಾರು. ಕಡುಬು ಒಡೆದಾಗ ಒಳಗಿಂದ ಹಬೆ ಬರಬೇಕು, ಬಂತು. ಸಾರು ಮಲೆನಾಡಿನ ಕಡೆಯದ್ದೇ, ಹುರಿದ ಮಸಾಲೆ, ಕಾಯಿ ಹದವಾಗಿ. ಎಣ್ಣೆ ಮಾತ್ರ ಮೇಲೆ ತೇಲುತ್ತಿತ್ತು, ಸೌಟಿನಲ್ಲಿ ಬದಿಗೆ ಸರಿಸಿ ಬಡಿಸಿ ಅಂತ ಹೇಳಬೇಕಾಯಿತು. ಹೆಣ್ಣುಮಕ್ಕಳು, ಮಕ್ಕಳು ಇದ್ದರೆ ಒಳಗಿನ ಕೋಣೆ ಕೇಳಿ, ಕೊಡುತ್ತಾರೆ. ಭಾನುವಾರ ಒಂದೂವರೆ ಮೇಲೆ ಹೋದರೆ ಕಡುಬು ಮುಗಿದು ಮುದ್ದೆಯಷ್ಟೇ ಉಳಿದಿರುತ್ತದೆ.

ಇನ್ನೂ ಒಂದು ದಿನ ಕೈಯಲ್ಲಿದ್ದರೆ ಸಿಗಂದೂರು ಸೇರಿಸಿಕೊಳ್ಳಬಹುದು. ಮೊದಲು ಲಾಂಚ್ ಬಂದಾಗ ದಾಟಬೇಕಿತ್ತು, ಕ್ಯೂ ಎಷ್ಟಿದೆಯೋ ಊಟ ಎಷ್ಟೊತ್ತಿಗೋ ದೇವರೇ ಬಲ್ಲ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾದ ಮೇಲೆ ಆ ಲೆಕ್ಕಾಚಾರ ಹೋಯಿತು, ಕಾರಿನಲ್ಲೇ ಸೀದಾ ಹೋಗಬಹುದು. ದರ್ಶನ ಮುಗಿಸಿ ದೇವಸ್ಥಾನದ ಮಧ್ಯಾಹ್ನದ ಪ್ರಸಾದಕ್ಕೇ ಕೂತುಬಿಡಿ. ಅನ್ನ, ಸಾರು, ಬಿಸಿಯಾಗಿರುತ್ತದೆ, ಚಿಕ್ಕವರಿಗೂ ದೊಡ್ಡವರಿಗೂ ಆಗುವಂಥ ಊಟ. ನೆಲದ ಮೇಲೆ ಕೂರಲು ಆಗದವರಿಗೆ ಏನು ವ್ಯವಸ್ಥೆ ಅಂತ ಮೊದಲೇ ಅಲ್ಲಿನವರನ್ನು ವಿಚಾರಿಸಿಕೊಳ್ಳಿ, ಪಂಕ್ತಿ ಶುರುವಾದ ಮೇಲೆ ಕೇಳುವವರು ಯಾರೂ ಇರುವುದಿಲ್ಲ.