ಮಳೆಗಾಲದ ಮನೆಗೆ ‘ಅನ್‌ನೋನ್ ಪ್ಲೆಶರ್ಸ್’: ಇಯಾನ್ ಕರ್ಟಿಸ್ ಹಾಡಿದ ಎಲ್‌ಪಿಯ ವಿಮರ್ಶೆ

ಇಂಗ್ಲೆಂಡಿನ ರಾಕ್ ತಂಡ ಜಾಯ್ ಡಿವಿಷನ್‌ನ ‘ಅನ್‌ನೋನ್ ಪ್ಲೆಶರ್ಸ್’ ಎಲ್‌ಪಿಗೆ ನಾವು ದುಡ್ಡು ಕೊಡುವುದು ಮುಖ್ಯವಾಗಿ ಒಂದಕ್ಕೆ: ಇಯಾನ್ ಕರ್ಟಿಸ್‌ನ ದನಿಯ ಸುತ್ತ ಇರುವ ಖಾಲಿ ಜಾಗಕ್ಕೆ. ಫೋನಿನ ಸ್ಪೀಕರಿನಲ್ಲೂ ಹಾಡು ಕೇಳುತ್ತದೆ, ಪದಗಳೂ ಸಿಗುತ್ತವೆ. ಆದರೆ ಸಾಲು ಮುಗಿದ ಮೇಲೂ ಉಳಿದು ನಿಧಾನವಾಗಿ ಕರಗುವ ಮೊಳಗು, ಡ್ರಮ್ಮಿಗೂ ಗಂಟಲಿಗೂ ನಡುವಿನ ದೂರ ಅದರಲ್ಲಿ ಸಿಗುವುದಿಲ್ಲ. ಚಿಕ್ಕಮಗಳೂರಿನ ಮಳೆಯ ಸದ್ದು, ಗೋಡೆಯ ಥಂಡಿ, ಏರಿಳಿಯುವ ಕರೆಂಟು ಇವು ಮೂರೂ ಮೊದಲು ಕೆಡಿಸುವುದು ಆ ಖಾಲಿ ಜಾಗವನ್ನೇ. ಅದಕ್ಕೇ ಇಲ್ಲಿ ಡಿಸ್ಕಿನ ಗುಣದ ಜೊತೆಗೆ, ನಮ್ಮ ಕಡೆಯ ಮನೆಗಳಲ್ಲಿ ಅದನ್ನು ಹೇಗೆ ನುಡಿಸಬೇಕೆಂಬುದನ್ನೂ ಹೇಳಬೇಕಾಗಿದೆ.

ಈಗ ಸಿಗುವುದು 180 ಗ್ರಾಂ ತೂಕದ ಮರುಮುದ್ರಣ. 2019ರಲ್ಲಿ ಆಲ್ಬಂಗೆ 40 ವರ್ಷ ತುಂಬಿದಾಗ ಕೆಂಪು ಡಿಸ್ಕು, ಬಿಳಿ ಕವರಿನ ಸೀಮಿತ ಆವೃತ್ತಿಯೊಂದು ಬಂದಿತ್ತು. ಸಂಗ್ರಹಕಾರರು ಅದಕ್ಕೆ ಹೆಚ್ಚು ಬೆಲೆ ಹೇಳುತ್ತಾರೆ. ಹಾಡು ಕೇಳುವುದಷ್ಟೇ ಉದ್ದೇಶವಾದರೆ ಮಾಮೂಲಿ ಕಪ್ಪು ಡಿಸ್ಕೇ ಸಾಕು. ತೂಕ ಹೆಚ್ಚಾದ ಮಾತ್ರಕ್ಕೆ ನಾದ ಹೆಚ್ಚುವುದಿಲ್ಲ. ದಪ್ಪನೆಯ ತಟ್ಟೆ ಸುಲಭಕ್ಕೆ ಸೊಟ್ಟಗಾಗುವುದಿಲ್ಲ ಎಂಬುದೇ ಲಾಭ. ಪಾರ್ಸೆಲ್ ಬಿಚ್ಚಿದ ದಿನವೇ ಡಿಸ್ಕನ್ನು ಟರ್ನ್‌ಟೇಬಲ್ ಮೇಲಿಟ್ಟು, ಕಣ್ಣನ್ನು ತಟ್ಟೆಯ ಮಟ್ಟಕ್ಕೆ ತಂದು ನೋಡಿ. ಸೂಜಿ ಹಿಡಿದ ತೋಳು ಸ್ವಲ್ಪ ಏರಿಳಿದರೆ ಪರವಾಗಿಲ್ಲ. ಸೂಜಿ ಹಾರಿದರೆ ಅಥವಾ ದನಿ ತೇಲಾಡಿದರೆ ವಾಪಸ್ ಕಳಿಸಿ. ನಡುವಿನ ತೂತು ಸ್ವಲ್ಪವೇ ಪಕ್ಕಕ್ಕಿದ್ದರೂ ಪ್ರತಿ ಸುತ್ತಿಗೂ ಶ್ರುತಿ ಅಲುಗಾಡುತ್ತದೆ. ನಿಮಿಷಕ್ಕೆ 33⅓ ಸುತ್ತು, ಅಂದರೆ ಸುತ್ತಿಗೆ 1.8 ಸೆಕೆಂಡು. ಅಲುಗಾಟ ಅದೇ ಲೆಕ್ಕದಲ್ಲಿ ಮರಳಿ ಮರಳಿ ಬಂದರೆ ತಪ್ಪು ಡಿಸ್ಕಿನದು, ಯಂತ್ರದ್ದಲ್ಲ.

ಕವರಿನ ಮುಂಭಾಗದಲ್ಲಿ ತಂಡದ ಹೆಸರಿಲ್ಲ, ಆಲ್ಬಂನ ಹೆಸರಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬೆಟ್ಟಸಾಲಿನಂತೆ ಕಾಣುವ ಬಿಳಿ ಗೆರೆಗಳು. ಬಾಬಾ ಬುಡನ್‌ಗಿರಿ ಕಡೆಯವರಿಗೆ ಬೆಟ್ಟವೇ ಅನ್ನಿಸಿದರೆ ತಪ್ಪಿಲ್ಲ, ಆದರೆ ಅದು ಒಂದು ನಕ್ಷತ್ರದ ಮಿಡಿತ. 1967ರಲ್ಲಿ ಜೋಸೆಲಿನ್ ಬೆಲ್ ಗುರುತಿಸಿದ ಮೊದಲ ಪಲ್ಸಾರ್ ಸಿಪಿ 1919, ಸುಮಾರು 1.34 ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಅದರ 80 ಮಿಡಿತಗಳನ್ನು ಒಂದರ ಕೆಳಗೊಂದು ಜೋಡಿಸಿದ ನಕ್ಷೆ ಇದು. ಖಗೋಳ ವಿಶ್ವಕೋಶದಲ್ಲಿ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಯಾಗಿದ್ದುದನ್ನು ವಿನ್ಯಾಸಕಾರ ಪೀಟರ್ ಸ್ಯಾವಿಲ್ ತಿರುವುಮುರುವು ಮಾಡಿದ. ಟೀಶರ್ಟುಗಳ ಮೇಲೆ ನೋಡಿ ನೋಡಿ ಸವೆದುಹೋದ ಚಿತ್ರ. 12 ಇಂಚಿನ ಕವರನ್ನು ಕೈಯಲ್ಲಿ ಹಿಡಿದಾಗ ಗೆರೆಗಳ ಸುತ್ತ ಎಷ್ಟು ಕಪ್ಪು ಬಿಟ್ಟಿದ್ದಾರೆ ಅನ್ನುವುದು ಕಾಣುತ್ತದೆ. ಹಾಡುಗಳ ಜೋಡಣೆಯೂ ಹಾಗೇ.

ಕರ್ಟಿಸ್ ಹುಟ್ಟಿದ್ದು 15 ಜುಲೈ 1956ರಂದು, ಮ್ಯಾಂಚೆಸ್ಟರ್ ಪಕ್ಕದ ಸ್ಟ್ರೆಟ್‌ಫರ್ಡ್‌ನಲ್ಲಿ. ಬೆಳೆದದ್ದು ಮ್ಯಾಕಲ್ಸ್‌ಫೀಲ್ಡ್ ಎಂಬ ಪುಟ್ಟ ಗಿರಣಿ ಊರಲ್ಲಿ. 1975ರಲ್ಲಿ, 19ನೇ ವಯಸ್ಸಿಗೇ ಮದುವೆ. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ಸರ್ಕಾರಿ ಕಚೇರಿಯಲ್ಲಿ ನೌಕರಿ. ಬರ್ನಾರ್ಡ್ ಸಮ್ನರ್, ಪೀಟರ್ ಹುಕ್, ಸ್ಟೀಫನ್ ಮಾರಿಸ್ ಜೊತೆ ಕಟ್ಟಿದ ತಂಡಕ್ಕೆ ಮೊದಲು ವಾರ್ಸಾ ಎಂಬ ಹೆಸರಿತ್ತು, 1978ರಲ್ಲಿ ಜಾಯ್ ಡಿವಿಷನ್ ಆಯಿತು. ವಾರ್ಸಾ ಕಾಲದಲ್ಲಿ ಆತ ಎಲ್ಲ ಪಂಕ್ ಹುಡುಗರಂತೆ ಕಿರುಚುತ್ತಿದ್ದ. ಈ ಎಲ್‌ಪಿಯಲ್ಲಿ ಕೇಳುವ ಮಂದ್ರ ಸ್ಥಾಯಿ ಹುಟ್ಟಿನಿಂದ ಬಂದದ್ದಲ್ಲ, ಎರಡು ವರ್ಷ ದುಡಿದು ಹುಡುಕಿಕೊಂಡದ್ದು. ಇದನ್ನು ಒತ್ತಿ ಹೇಳಬೇಕು. ಯಾಕೆಂದರೆ ಆತನ ಸಾವಿನ ಕಥೆ ಗೊತ್ತಿದ್ದವರು ಇಡೀ ಡಿಸ್ಕನ್ನು ಅದರ ಮುನ್ಸೂಚನೆಯಾಗಿ ಕೇಳಿ, ಈ ಕಸುಬನ್ನು ಗಮನಿಸುವುದೇ ಇಲ್ಲ.

ಧ್ವನಿಮುದ್ರಣ ನಡೆದದ್ದು ಏಪ್ರಿಲ್ 1979ರಲ್ಲಿ, ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ. ಫ್ಯಾಕ್ಟರಿ ರೆಕಾರ್ಡ್ಸ್ 15 ಜೂನ್ 1979ರಂದು ಹೊರತಂದ ಮೊದಲ ಮುದ್ರಣ 10,000 ಪ್ರತಿ. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಡ್ರಮ್ಮುಗಳನ್ನು ಒಂದರ ಸದ್ದು ಇನ್ನೊಂದರ ಮೈಕಿಗೆ ಸೋರದ ಹಾಗೆ ಬಿಡಿಬಿಡಿಯಾಗಿ ನುಡಿಸಲು ಹಚ್ಚಿದ. ಹೀಗೆ ಮೊಳಗಿಲ್ಲದೆ ಬರಿದಾದ ಪೆಟ್ಟುಗಳಿಗೆ, ಸದ್ದನ್ನು ತುಸು ತಡವಾಗಿ ಮರಳಿಸುವ ಎಎಂಎಸ್ ಕಂಪನಿಯ ಡಿಜಿಟಲ್ ಡಿಲೇ ಯಂತ್ರದಿಂದ ಬೇಕಾದಷ್ಟೇ ಮೊಳಗು ಸೇರಿಸಿದ. ವೇದಿಕೆಯ ಮೇಲಿದ್ದ ತಮ್ಮ ಆರ್ಭಟವೆಲ್ಲ ಹೋಯಿತೆಂದು ಹುಕ್‌ಗೂ ಸಮ್ನರ್‌ಗೂ ಆಗ ಬೇಸರವಾಗಿತ್ತು. ಅವರ ಬೇಸರಕ್ಕೆ ಕಾರಣವಿತ್ತು, ಆದರೆ ಗೆದ್ದದ್ದು ಹ್ಯಾನೆಟ್. ಗಿಟಾರು ಹಿಂದೆ ಸರಿದದ್ದರಿಂದಲೇ ಕರ್ಟಿಸ್‌ಗೆ ನಿಲ್ಲಲು ಜಾಗ ಸಿಕ್ಕಿತು.

ಡಿಸ್ಕಿನ ಎರಡು ಬದಿಗಳಿಗೆ ಒಂದು, ಎರಡು ಎಂಬ ಲೆಕ್ಕವಿಲ್ಲ. ‘ಔಟ್‌ಸೈಡ್’, ‘ಇನ್‌ಸೈಡ್’ ಎಂಬ ಹೆಸರು. ಒಂದೊಂದರಲ್ಲಿ ಐದು ಹಾಡು, ಒಟ್ಟು 39 ನಿಮಿಷದ ಆಸುಪಾಸು. ಬದಿಗೆ ಇಪ್ಪತ್ತೇ ನಿಮಿಷವಾದ್ದರಿಂದ ಸೂಜಿ ಓಡುವ ಗೀರುಗಳು ಇಕ್ಕಟ್ಟಾಗಿಲ್ಲ, ಸದ್ದು ತುಂಬಿ ಬರುತ್ತದೆ.

ಔಟ್‌ಸೈಡ್‌ನ ಮೊದಲ ಹಾಡು ‘ಡಿಸಾರ್ಡರ್’ನಲ್ಲಿ ಬೇಸ್ ಗಿಟಾರೇ ರಾಗ ಹಿಡಿಯುವುದನ್ನು ಕೇಳಿ. ತನ್ನ ಆಂಪ್ಲಿಫೈಯರ್ ಸುಮಾರಿನದಾಗಿ, ಕೆಳಗಿನ ಸ್ವರ ತನಗೇ ಕೇಳಿಸುತ್ತಿರಲಿಲ್ಲವೆಂದು ಹುಕ್ ಮೇಲಿನ ಸ್ವರಗಳಿಗೆ ಹೋದ. ಅದೇ ತಂಡದ ಗುರುತಾಯಿತು. ‘ಇನ್‌ಸೈಟ್’ ಶುರುವಾಗುವುದು ಸ್ಟುಡಿಯೋದ ಲಿಫ್ಟಿನ ಸದ್ದಿನಿಂದ. ಅದರಲ್ಲಿ ಕರ್ಟಿಸ್‌ನ ದನಿ ತೆಳುವಾಗಿ, ಎಲ್ಲೋ ದೂರದಿಂದ ಬಂದಂತಿದ್ದರೆ ನಿಮ್ಮ ಸೆಟ್ಟನ್ನು ಬಯ್ಯಬೇಡಿ. ಹ್ಯಾನೆಟ್ ಅದನ್ನು ಟೆಲಿಫೋನ್ ತಂತಿಯ ಮೂಲಕ ಹಾಯಿಸಿ ದಾಖಲಿಸಿದ. ‘ನ್ಯೂ ಡಾನ್ ಫೇಡ್ಸ್’ ಇಡೀ ಬದಿಯ ಪರೀಕ್ಷೆ. ಮಂದ್ರದಲ್ಲಿ ಶುರುವಾದ ದನಿ ಕೊನೆಗೆ ಒಂದು ಸ್ಥಾಯಿ ಮೇಲೇರಿ ಒಡೆಯುವ ಅಂಚಿಗೆ ಬರುತ್ತದೆ, ಮತ್ತು ಅದು ನಡೆಯುವುದು ಡಿಸ್ಕಿನ ಒಳ ಸುತ್ತಿನಲ್ಲಿ. ಅಲ್ಲಿ ಸೂಜಿಗೆ ಪ್ರತಿ ಸೆಕೆಂಡಿಗೆ ಸಿಗುವ ಗೀರಿನ ಉದ್ದ ಕಡಿಮೆ, ಹಾಗಾಗಿ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಕೂರುವ ಭಾಗ) ಓರೆಯಾಗಿದ್ದರೆ ಮೊದಲು ಕರಕರ ಅನ್ನುವುದೂ ಅಲ್ಲೇ. ‘ಸ’ಕಾರಗಳು ಉಗುಳಿದಂತೆ ಕೇಳಿದರೆ ಸೂಜಿ ಒರೆಸಿ, ಹೋಗದಿದ್ದರೆ ಅಲೈನ್‌ಮೆಂಟ್ ಹಾಳೆ ಇಟ್ಟು ಕಾರ್ಟ್ರಿಜ್ ಕೂರಿಸಿದ ಕೋನ ಸರಿಮಾಡಿ.

ಇನ್‌ಸೈಡ್‌ನ ಮೊದಲ ಹಾಡು ‘ಶೀಸ್ ಲಾಸ್ಟ್ ಕಂಟ್ರೋಲ್’. ಕಚೇರಿಗೆ ಕೆಲಸ ಕೇಳಿಕೊಂಡು ಬರುತ್ತಿದ್ದ, ಫಿಟ್ಸ್ ಕಾಯಿಲೆಯಿದ್ದ ಯುವತಿಯೊಬ್ಬಳ ಮೇಲೆ ಕರ್ಟಿಸ್ ಬರೆದದ್ದು. ಆಕೆ ಆ ಕಾಯಿಲೆಯಿಂದಲೇ ತೀರಿಕೊಂಡಳು. ಹಾಡು ಕಟ್ಟಿದ ಮೇಲೆ, ಡಿಸೆಂಬರ್ 1978ರಲ್ಲಿ, ಲಂಡನ್ನಿನ ಕಾರ್ಯಕ್ರಮ ಮುಗಿಸಿ ಬರುವ ದಾರಿಯಲ್ಲಿ ಆತನಿಗೇ ಫಿಟ್ಸ್ ಬಂತು. ಜನವರಿಯಲ್ಲಿ ವೈದ್ಯರು ಕಾಯಿಲೆ ಖಚಿತಪಡಿಸಿದರು. ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು, ಅದೇ ತಿಂಗಳು ಈ ಧ್ವನಿಮುದ್ರಣ. ಇಷ್ಟು ತಿಳಿದು ಕೇಳಿದರೆ ಆ ದನಿ ಯಾಕೆ ಅಷ್ಟು ಬಿಗಿಹಿಡಿದು ನಿಂತಿದೆ ಅನ್ನುವುದು ಅರ್ಥವಾಗುತ್ತದೆ. ‘ಚಸ್’ ಎಂಬ ತಾಳದ ಸದ್ದು ಸ್ಪ್ರೇ ಡಬ್ಬಿಯದು. ಪ್ರತಿ ಪೆಟ್ಟೂ ಬೇರೆಬೇರೆಯಾಗಿ, ಚೂಪಾಗಿ ಕೇಳಬೇಕು. ಬರೀ ‘ಶ್’ ಎಂದು ಹರಡಿದರೆ ಸೂಜಿ ಸವೆದಿದೆ. ‘ಇಂಟರ್‌ಜೋನ್’ನಲ್ಲಿ ಮುಂದೆ ಹಾಡುವವನು ಹುಕ್, ಕರ್ಟಿಸ್ ಹಿಂದಿದ್ದಾನೆ, ಹತ್ತರಲ್ಲಿ ಸ್ವಲ್ಪ ಸಪ್ಪೆಯೆನಿಸುವುದು ಅದೇ. ಕೊನೆಯ ‘ಐ ರಿಮೆಂಬರ್ ನಥಿಂಗ್’ನಲ್ಲಿ ಗಾಜು ಒಡೆಯುವ ಸದ್ದಿದೆ. ಡಿಸ್ಕ್ ತರಚಿತೆಂದು ಎದ್ದು ಓಡಬೇಡಿ.

ಮುಂದಿನದು ಚುಟುಕು. ಬಜ್‌ಕಾಕ್ಸ್ ತಂಡದ ಜೊತೆ ಪ್ರವಾಸ, ಮಾರ್ಚ್ 1980ರಲ್ಲಿ ಲಂಡನ್ನಿನಲ್ಲಿ ಎರಡನೇ ಆಲ್ಬಂ ‘ಕ್ಲೋಸರ್’, ಮೇ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆಯ ಕಾರ್ಯಕ್ರಮ. ಫಿಟ್ಸ್ ಹೆಚ್ಚುತ್ತಿತ್ತು, ನಿದ್ದೆಯಿಲ್ಲ, ಸಂಸಾರ ಮುರಿಯುತ್ತಿತ್ತು. ಅಮೆರಿಕ ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, 18 ಮೇ 1980ರಂದು ಆತ ಆತ್ಮಹತ್ಯೆ ಮಾಡಿಕೊಂಡ. 23 ವರ್ಷ. ಇದರಲ್ಲಿ ವೈಭವೀಕರಿಸಲು ಏನೂ ಇಲ್ಲ. ಇಂಥ ಹಾಡಿನ ಜೊತೆ ಮನಸ್ಸು ಕುಸಿಯುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಇನ್ನೊಂದು ಮಾತು: ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸುವುದರಿಂದ ಏನೂ ಆಗದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ.

ಇನ್ನು ಮನೆಯ ವಿಚಾರ. ಸೂಟ್‌ಕೇಸಿನಂತೆ ಮಡಚುವ ಅಗ್ಗದ ಪ್ಲೇಯರುಗಳಲ್ಲಿ ಈ ಡಿಸ್ಕ್ ಹಾಕಬೇಡಿ. ತೋಳಿನ ಭಾರ ಹೆಚ್ಚು, ಸರಿಮಾಡಲು ತಿರುಪೂ ಇರುವುದಿಲ್ಲ, ಗೀರು ಸವೆಯುತ್ತದೆ. ಆಡಿಯೋ ಟೆಕ್ನಿಕಾದ ವಿಎಂ95ಇ ಥರದ ಕಾರ್ಟ್ರಿಜ್‌ಗೆ 2 ಗ್ರಾಂ ಭಾರ ಸರಿ, 1.8ಕ್ಕಿಂತ ಕೆಳಗೆ ಹೋದರೆ ಸೂಜಿ ಗೀರಿನಲ್ಲಿ ಸಡಿಲವಾಗಿ ಕುಣಿದು ಇನ್ನೂ ಹೆಚ್ಚು ಹಾಳುಮಾಡುತ್ತದೆ. ಹಗುರವಾದಷ್ಟೂ ಕ್ಷೇಮ ಎಂಬುದು ತಪ್ಪು ತಿಳುವಳಿಕೆ.

ಕರೆಂಟಿನ ವಿಷಯದಲ್ಲಿ ಮೊದಲು ನಿಮ್ಮ ಟರ್ನ್‌ಟೇಬಲ್ಲಿನ ಮೋಟಾರು ಯಾವುದೆಂದು ನೋಡಿಕೊಳ್ಳಿ. ಅಡಾಪ್ಟರ್ ಮೇಲೆ ಓಡುವ ಡಿಸಿ ಮೋಟಾರಿಗೆ ವೋಲ್ಟೇಜ್ ಸ್ವಲ್ಪ ಏರಿಳಿದರೂ ತೊಂದರೆಯಿಲ್ಲ. ಹಳೆಯ ಎಸಿ ಸಿಂಕ್ರೊನಸ್ ಮೋಟಾರಿನ ವೇಗ ನಿಂತಿರುವುದು ವೋಲ್ಟೇಜಿನ ಮೇಲಲ್ಲ, 50 ಹರ್ಟ್ಸ್ ಆವರ್ತನದ ಮೇಲೆ. ತೋಟದ ಮನೆಯ ಜನರೇಟರ್ ಹೊರೆ ಬಿದ್ದಾಗ 49ಕ್ಕೆ ಇಳಿದರೆ ವೇಗ ಶೇ. 2 ಕುಗ್ಗುತ್ತದೆ. ಒಂದು ಸ್ವರಸ್ಥಾನದಿಂದ ಇನ್ನೊಂದಕ್ಕೆ ಅಂತರ ಹೆಚ್ಚುಕಡಿಮೆ ಶೇ. 6, ಅಂದರೆ ಕರ್ಟಿಸ್‌ನ ದನಿ ಸ್ವರಸ್ಥಾನದ ಮೂರನೇ ಒಂದು ಪಾಲು ಕೆಳಗೆ ಕೂರುತ್ತದೆ. ಮೊದಲೇ ಮಂದ್ರ, ಇನ್ನೂ ಭಾರವಾಗುತ್ತದೆ. ನೆಂಟರು ಅಮೆರಿಕದಿಂದ ತಂದ ಇಂಥ ಹಳೆಯ ಡೆಕ್ ಆದರೆ ಟ್ರಾನ್ಸ್‌ಫಾರ್ಮರ್ ಹಾಕಿ 110 ವೋಲ್ಟ್ ಕೊಟ್ಟರೂ ಸಾಲದು. 60 ಹರ್ಟ್ಸ್‌ಗೆ ಮಾಡಿದ ಪುಲ್ಲಿ (ಮೋಟಾರಿನಿಂದ ತಟ್ಟೆ ತಿರುಗಿಸುವ ಗಾಲಿ) ಇಲ್ಲಿ ಶೇ. 17ರಷ್ಟು ನಿಧಾನ ಓಡುತ್ತದೆ, ಪುಲ್ಲಿಯನ್ನೇ ಬದಲಿಸಬೇಕು. ಸ್ಪೀಕರಿನಲ್ಲಿ ‘ಗುಂಯ್’ ಎನ್ನುವ ಸದ್ದು ಬಂದರೆ ಟರ್ನ್‌ಟೇಬಲ್ಲಿನ ಅರ್ಥ್ ತಂತಿ ಆಂಪ್ಲಿಫೈಯರಿನ ತಿರುಪಿಗೆ ಸೇರಿದೆಯೇ ನೋಡಿ. ಹಳೆಯ ಮನೆಗಳ ಎರಡು ತೂತಿನ ಪ್ಲಗ್ಗಿನಲ್ಲಿ ಅರ್ಥಿಂಗೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸುವುದೊಂದೇ ದಾರಿ. ಚೌಕ ಅಲೆಯ ಇನ್ವರ್ಟರ್ ಮೇಲೂ ಇದೇ ಕಿರಿಕಿರಿ.

ರೆಡ್ ಆಕ್ಸೈಡ್ ನೆಲ, ಬೋಳು ಗೋಡೆಯ ಕೋಣೆಗೆ ತನ್ನದೇ ಮೊಳಗಿದೆ. ಅದು ಹ್ಯಾನೆಟ್ ಅಳೆದು ಇಟ್ಟ ಮೊಳಗಿನ ಮೇಲೆ ಬಿದ್ದು ಎರಡೂ ಕಲಸಿಹೋಗುತ್ತವೆ. ಸ್ಪೀಕರಿಗೂ ಕುರ್ಚಿಗೂ ನಡುವೆ ಜಮಖಾನ ಹಾಸಿ, ಬೆನ್ನ ಹಿಂದಿನ ಗೋಡೆಗೆ ಕಂಬಳಿ ತೂಗುಹಾಕಿ, ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆಗೆ ಎಳೆಯಿರಿ. ಹುಕ್‌ನ ಬೇಸ್ ಮೇಲಿನ ಸ್ವರಗಳದ್ದು. ಅದು ಗುಮ್ಮೆಂದರೆ ಆ ಗುಮ್ಮು ಕೋಣೆಯದು. ಮರದ ಹಲಗೆಯ ಮಾಳಿಗೆಯಲ್ಲಿ ನಡೆದಾಗ ಸೂಜಿ ಹಾರಿದರೆ ಟರ್ನ್‌ಟೇಬಲ್ಲನ್ನು ಗೋಡೆಗೆ ಹೊಡೆದ ಶೆಲ್ಫಿಗೆ ಏರಿಸಿ. ಶೀಟಿನ ಮಾಡಿನ ಮೇಲೆ ಆಷಾಢದ ಮಳೆ ಸುರಿಯುವಾಗ ‘ಕ್ಯಾಂಡಿಡೇಟ್’ನಂಥ ಖಾಲಿ ಹಾಡು ಮುಳುಗಿಹೋಗುತ್ತದೆ, ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ, ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ. ಸ್ಪೀಕರಿಗೆ ಒಳ್ಳೆಯ ಕಾಲ ಕಾಫಿ ಕೊಯ್ಲಿನ ತಿಂಗಳುಗಳು, ಹಣ್ಣು ಸುಲಿಯುವ ಪಲ್ಪರ್ ಯಂತ್ರ ನಿಂತ ಮೇಲಿನ ರಾತ್ರಿ.

ಬೂಷ್ಟು ಎಲ್ಲಕ್ಕಿಂತ ದೊಡ್ಡ ಶತ್ರು. ಅದು ತಿನ್ನುವುದು ವಿನೈಲ್ ಅನ್ನಲ್ಲ, ಮೇಲಿನ ಧೂಳು, ಬೆರಳಿನ ಜಿಡ್ಡು, ಕಾಗದವನ್ನು. ಗಾಳಿಯ ತೇವ ಶೇ. 60 ದಾಟಿದರೆ ಅದಕ್ಕೆ ಹಬ್ಬ, ಮೂಡಿಗೆರೆ, ಕೊಪ್ಪದ ಕಡೆ ಜುಲೈನಲ್ಲಿ ಅದಕ್ಕೂ ಎಷ್ಟೋ ಮೇಲಿರುತ್ತದೆ. ಕಾಗದದ ಒಳಚೀಲ ತೆಗೆದು ಪಾಲಿಥೀನ್ ಒಳಪದರದ್ದು ಹಾಕಿ; ಪಿವಿಸಿ ಚೀಲ ಬೇಡ, ಡಿಸ್ಕಿಗೆ ಮಬ್ಬು ಹಿಡಿಸುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಅರ್ಧ ಕಿಲೋ ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿಯಾದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಶಾಖಕ್ಕೆ ತಟ್ಟೆ ಸೊಟ್ಟಗಾಗುತ್ತದೆ, ಹೊಗೆಯ ಜಿಡ್ಡು ಗೀರಿಗೆ ಕೂರುತ್ತದೆ. ಕಡೂರು, ಅರಸೀಕೆರೆಯವರಿಗೆ ಬೂಷ್ಟಿಗಿಂತ ಧೂಳಿನ ಕಾಟ. ಪ್ರತಿ ಸಲ ಕಾರ್ಬನ್ ಬ್ರಶ್ ಆಡಿಸಿದರೆ ಸಾಕು.

ತೊಳೆಯಲು: 800 ಮಿಲಿ ಡಿಸ್ಟಿಲ್ಡ್ ವಾಟರ್, 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಎರಡು ಹನಿ ಪಾತ್ರೆ ತೊಳೆಯುವ ದ್ರವ. ಮೈಕ್ರೋಫೈಬರ್ ಬಟ್ಟೆಯಿಂದ ಗೀರು ಸುತ್ತಿದ ದಿಕ್ಕಿಗೇ ಒರೆಸಿ, ಲೇಬಲ್ ನೆನೆಯದಂತೆ ನೋಡಿಕೊಂಡು, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ, ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಬೋರ್‌ವೆಲ್ ನೀರಿನ ಸುಣ್ಣ ಗೀರಿನಲ್ಲಿ ಉಳಿದು ಚಟಪಟ ಅನ್ನುತ್ತದೆ. ಅಜ್ಜನ ಕಾಲದ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಿಗೆ ಮಾತ್ರ ಈ ಮಿಶ್ರಣ ತಾಕಿಸಬೇಡಿ. ಅವು ಅರಗಿನವು, ಆಲ್ಕೋಹಾಲಿಗೆ ಕರಗುತ್ತವೆ.

ಇದು ಹಿಡಿಸಿದರೆ ಮುಂದಿನದು ‘ಕ್ಲೋಸರ್’. ಅದರಲ್ಲಿ ದನಿ ಇನ್ನೂ ಹಿಂದೆ ಸರಿದಿದೆ, ಸಿಂಥಸೈಜರ್ ಮುಂದೆ ಬಂದಿದೆ. ‘ಲವ್ ವಿಲ್ ಟೇರ್ ಅಸ್ ಅಪಾರ್ಟ್’ ಹುಡುಕಿಕೊಂಡು ಬಂದವರಿಗೆ ಈ ಎರಡು ಆಲ್ಬಂಗಳಲ್ಲೂ ಅದು ಸಿಗುವುದಿಲ್ಲ. ಬಿಡಿ ಹಾಡುಗಳ ಸಂಗ್ರಹ ‘ಸಬ್‌ಸ್ಟೆನ್ಸ್’ (1988) ಕೊಳ್ಳಬೇಕು. ಯಾವುದನ್ನೇ ಆಗಲಿ ಅಕ್ಟೋಬರ್ ದಾಟಿದ ಮೇಲೆ ತರಿಸಿ. ಕೊರಿಯರಿನ ರಟ್ಟು ಒದ್ದೆಯಾಗದೆ ಮನೆಗೆ ಬರುತ್ತದೆ.