ಕೆಟ್ಟ ಕಾಮಗಾರಿಗೆ ಮೂರು ದಾರಿ: ರಾಯಚೂರಿನ ನಮ್ಮ ಮನೆಯಲ್ಲಿ ನಡೆಸಿ ನೋಡಿದ ಹೋಲಿಕೆ

ಮನೆ ನವೀಕರಣದ ಗುತ್ತಿಗೆದಾರ ಕೆಲಸ ಕೆಡಿಸಿದಾಗ ಮನೆಯವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿರುತ್ತವೆ: ಕೆಡಿಸಿದವರಿಂದಲೇ ಸರಿಮಾಡಿಸುವುದು, ಬೇರೆ ಗೌಂಡಿಯನ್ನು ಕರೆದು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳುವುದು, ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗುವುದು. ರಾಯಚೂರಿನ ನಮ್ಮ ಹಳೆಯ ಮನೆಯಲ್ಲಿ ಒಬ್ಬರೇ ಗುತ್ತಿಗೆದಾರರು ಮಾಡಿದ ಬಚ್ಚಲು, ಹೊರಗೋಡೆಯ ಗಿಲಾವು ಮತ್ತು ಮಾಳಿಗೆ ಮೂರೂ ಕೆಟ್ಟವು. ಒಂದೊಂದಕ್ಕೂ ಒಂದೊಂದು ದಾರಿ ಹಿಡಿಯಬೇಕಾಯಿತು. ಯಾವ ದಾರಿ ಫಲ ಕೊಡುತ್ತದೆ ಎನ್ನುವುದನ್ನು ನಿರ್ಧರಿಸುವುದು ತಪ್ಪಿನ ಗಾತ್ರವಲ್ಲ. ಬಾಕಿ ಹಣ ಯಾರ ಕೈಯಲ್ಲಿದೆ, ತಪ್ಪಿಗೆ ಸಾಕ್ಷಿ ಉಳಿದಿದೆಯೇ ಎನ್ನುವ ಎರಡೇ ಸಂಗತಿಗಳು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಚ್ಚಲಿನಲ್ಲಿ ನೀರು ಜಾಲರಿಯ ಕಡೆಗೆ ಹರಿಯದೆ ಬಾಗಿಲಿನ ಮೂಲೆಯಲ್ಲಿ ನಿಲ್ಲುತ್ತಿತ್ತು. ನಾಣ್ಯದಿಂದ ತಟ್ಟಿ ನೋಡಿದರೆ ಆ ಮೂಲೆಯ ಟೈಲ್ಸ್ ಕೆಳಗೆ ಗಾರೆಯೇ ಇಲ್ಲದಂತೆ ಪೊಳ್ಳು ಸದ್ದು ಬರುತ್ತಿತ್ತು. ಬಚ್ಚಲಿನ ನೆಲಕ್ಕೆ ಜಾಲರಿಯ ಕಡೆಗೆ ಸಾಕಷ್ಟು ಇಳಿಜಾರು ಬೇಕು. ಲೆವೆಲ್ ಪೈಪ್ ಹಿಡಿದು ನೋಡಿದಾಗ ನಮ್ಮ ನೆಲ ಹೆಚ್ಚುಕಡಿಮೆ ಸಮತಟ್ಟಾಗಿತ್ತು, ಒಂದು ಕಡೆಯಂತೂ ಜಾಲರಿಗಿಂತ ತಗ್ಗಾಗಿತ್ತು. ಸಂದಿಗಳಿಗೆ ಬಿಳಿ ಸಿಮೆಂಟ್ ತುಂಬಿಕೊಟ್ಟರೆ ಸಾಕಲ್ಲವೇ ಎಂದು ಗುತ್ತಿಗೆದಾರರು ಮೊದಲು ವಾದಿಸಿದರು. ಬಚ್ಚಲಿನ ಬಾಕಿ ಹಣ ಇನ್ನೂ ನಮ್ಮ ಬಳಿಯೇ ಇದ್ದುದರಿಂದ ನೆಲದ ಟೈಲ್ಸ್ ಪೂರ್ತಿ ಕಿತ್ತು ಮತ್ತೆ ಹಾಕಲು ಕೊನೆಗೂ ಒಪ್ಪಿದರು.

ಈ ದಾರಿಯ ದೊಡ್ಡ ಅನುಕೂಲವೆಂದರೆ ಗೋಡೆಯೊಳಗೆ ಪೈಪು ಎಲ್ಲೆಲ್ಲಿ ಹೋಗಿದೆ ಎಂಬುದು ಅವರಿಗೇ ಗೊತ್ತಿರುತ್ತದೆ, ಮುಂದೆ ಸೋರಿದರೆ ‘ಅದು ನಮ್ಮ ಕೆಲಸವಲ್ಲ’ ಎಂದು ಜಾರಿಕೊಳ್ಳಲು ಅವಕಾಶವಿರುವುದಿಲ್ಲ. ತೊಂದರೆಯೆಂದರೆ ಮರುಕೆಲಸಕ್ಕೆ ಹೊಸ ಹಣ ಹುಟ್ಟುವುದಿಲ್ಲವಾದ್ದರಿಂದ ಬೇರೆ ಕಡೆ ಕೆಲಸವಿಲ್ಲದ ದಿನ ಮಾತ್ರ ಆಳುಗಳು ಬರುತ್ತಾರೆ. ಆದ್ದರಿಂದ ಏನನ್ನು ಕಿತ್ತು ಹಾಕಬೇಕು, ಯಾವ ದಿನಾಂಕದೊಳಗೆ ಮುಗಿಸಬೇಕು, ಒಡೆದ ಟೈಲ್ಸ್‌ಗೆ ಹಣ ಯಾರದು ಎಂಬ ಮೂರನ್ನೂ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ಗಾರೆಯ ಹಾಸು ಬಿದ್ದು ಗಟ್ಟಿಯಾದ ಮೇಲೆ, ಟೈಲ್ಸ್ ಕೂರಿಸುವ ಮೊದಲೇ, ಬಕೆಟ್‌ನಿಂದ ನೀರು ಸುರಿಸಿ ಅದು ಜಾಲರಿಗೆ ಇಳಿಯುವುದನ್ನು ಎದುರಿಗೆ ನಿಂತು ನೋಡಿದೆವು. ಆ ಹಂತದಲ್ಲಿ ಮನೆಯವರು ಇರಲೇಬೇಕು. ಟೈಲ್ಸ್ ಕೂತ ಮೇಲೆ ನೋಡಿ ಪ್ರಯೋಜನವಿಲ್ಲ.

ಗಿಲಾವಿನ ವಿಷಯ ಚಿಕ್ಕದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಹೊಸ ಗಿಲಾವಿಗೆ ಕನಿಷ್ಠ ಒಂದು ವಾರ ಬೆಳಿಗ್ಗೆ ಸಂಜೆ ನೀರು ಹೊಡೆಯದಿದ್ದರೆ ಅದು ಗಟ್ಟಿಯಾಗುವ ಮೊದಲೇ ಒಣಗಿ ಬಿರುಕು ಬಿಡುತ್ತದೆ. ಬೇರೆ ಕಡೆಯಿಂದ ಕರೆಸಿದ ಹಿರಿಯ ಗೌಂಡಿ ಗೋಡೆಯ ಮೇಲೆ ಕೈಯಾಡಿಸಿ, “ಬಿಸಿಲಾಗ ಹಚ್ಯಾರ್ರಿ ಸರ್, ನೀರು ಕುಡಿಸಿಲ್ಲ” ಎಂದರು. ಸಡಿಲವಾದ ಭಾಗವನ್ನು ಕೆತ್ತಿ, ಇಟ್ಟಿಗೆಯ ಸಂದಿ ಕೆದಕಿ, ಗೋಡೆ ನೆನೆಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯಲ್ಲಿ ಅವರು ಬೇಗನೆ ಅಚ್ಚುಕಟ್ಟಾಗಿ ಮುಗಿಸಿಕೊಟ್ಟರು. ಮನಸ್ಸಿಗೆ ನೆಮ್ಮದಿ ಕೊಡುವ ದಾರಿ ಇದೇ, ಆದರೆ ಹಣ ಎರಡು ಸಲ ಕೊಟ್ಟಂತಾಗುತ್ತದೆ. ಕೆತ್ತಿದ ಕ್ಷಣದಿಂದ ಹಳೆಯ ತಪ್ಪಿಗೆ ಸಾಕ್ಷಿಯೂ ಇರುವುದಿಲ್ಲ. ಪರಿಹಾರ ಕೇಳುವ ಯೋಚನೆ ಇರುವವರು ಸುತ್ತಿಗೆ ಎತ್ತಿಸುವ ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಂದ ಲಿಖಿತ ವರದಿ ಪಡೆಯುವುದು ಅಗತ್ಯ.

ಮಾಳಿಗೆಯ ಕೆಲಸಕ್ಕೆ ಪೂರ್ತಿ ಹಣ ಸಂದಾಯವಾಗಿತ್ತು. ಮೊದಲ ಜೋರು ಮಳೆಗೇ ಪಡಸಾಲೆಯ ಛಾವಣಿ ಸೋರತೊಡಗಿತು, ಗುತ್ತಿಗೆದಾರರು ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಪೊಲೀಸರಿಗೆ ದೂರು ಕೊಡಿ ಎಂದು ಕೆಲವರು ಹೇಳಿದರಾದರೂ ಕೆಲಸದ ಗುಣಮಟ್ಟದ ತಕರಾರು ಮೂಲತಃ ಸಿವಿಲ್ ಸ್ವರೂಪದ್ದು ಎಂಬ ಕಾರಣಕ್ಕೆ ನಾವು ಆ ಕಡೆ ಹೋಗಲಿಲ್ಲ. ಮಾಳಿಗೆಯ ನೀರಿನ ಕೊಳವೆಗಳ ಬಾಯಿ ಮುಚ್ಚಿ, ನೀರು ಕಟ್ಟಿ, 48 ಗಂಟೆ ಬಿಟ್ಟು, ಕೆಳಗೆ ಒದ್ದೆ ಹರಡುವುದನ್ನು ದಿನಾಂಕಸಹಿತ ಚಿತ್ರ ತೆಗೆದೆವು. ಎಂಜಿನಿಯರ್ ಅದನ್ನು ನೋಡಿ ವರದಿ ಕೊಟ್ಟರು. ಆಮೇಲೆ ಸರಿಪಡಿಸಲು ಗಡುವು ಕೊಟ್ಟು ನೋಟಿಸ್ ಕಳುಹಿಸಿದೆವು, ಉತ್ತರ ಬಾರದಿದ್ದಾಗ ಆಯೋಗಕ್ಕೆ ದೂರು ಸಲ್ಲಿಸಿದೆವು.

ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರಲ್ಲಿ ‘ಸೇವೆ’ ಎಂಬುದರೊಳಗೆ ವಸತಿ ನಿರ್ಮಾಣವೂ ಸೇರಿದೆ. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರಿಲ್ಲದೆ ನಾವೇ ವಾದಿಸಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕೆಂಬುದನ್ನು ಮರೆಯಬಾರದು. ಎದುರುಪಕ್ಷ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಸೇರಿಸಿ ಉತ್ತರ ಕೊಡಬೇಕು. ದಾರಿ ಗೊತ್ತಿಲ್ಲದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ಕೇಳಬಹುದು. ಚೆಕ್‌ನಲ್ಲಿ ಹಣ ಕೊಟ್ಟ ದಾಖಲೆ, ಅಂದಾಜುಪಟ್ಟಿ, ವಾಟ್ಸ್‌ಆ್ಯಪ್ ಸಂದೇಶ ಇವೆಲ್ಲವೂ ನಮ್ಮ ನೆರವಿಗೆ ಬಂದವು. ನಗದಾಗಿ ಕೊಟ್ಟ ಒಂದು ಕಂತಿಗೆ ಮಾತ್ರ ಬಹಳ ವಿವರಣೆ ಕೊಡಬೇಕಾಯಿತು. ಕೊನೆಗೆ ಕಾಯ್ದೆಯಲ್ಲೇ ಇರುವ ಮಧ್ಯಸ್ಥಿಕೆಯಲ್ಲಿ ಕುಳಿತು, ಮಾಳಿಗೆಯ ದುರಸ್ತಿಗೆ ತಗಲಿದ ವೆಚ್ಚವನ್ನು ಕಂತುಗಳಲ್ಲಿ ಹಿಂತಿರುಗಿಸಲು ಗುತ್ತಿಗೆದಾರರು ಒಪ್ಪಿದರು. ಮೂರರಲ್ಲಿ ನಿಧಾನವಾದದ್ದು ಇದೇ, ಕೊಟ್ಟ ಹಣವನ್ನು ಮರಳಿಸಿದ್ದೂ ಇದೊಂದೇ. ಸೋರುವ ಸೂರಿನ ಕೆಳಗೆ ತೀರ್ಪಿಗೆ ಕಾಯುವುದು ಆಗದ ಮಾತು. ವರದಿ ಕೈಗೆ ಬಂದ ಮೇಲೆ ಬೇರೆಯವರಿಂದ ದುರಸ್ತಿ ಮಾಡಿಸಿ, ಅದರ ಬಿಲ್ಲನ್ನೇ ದೂರಿಗೆ ಲಗತ್ತಿಸಿದ್ದೆವು.

ಬಾಕಿ ಹಣ ಕೈಯಲ್ಲಿದ್ದರೆ ನಾನು ಮೊದಲು ಅದೇ ಗುತ್ತಿಗೆದಾರರನ್ನು ಲಿಖಿತವಾಗಿ ಕರೆಯುತ್ತೇನೆ. ಹಣ ಮುಗಿದಿದ್ದು ನಷ್ಟ ದೊಡ್ಡದಾಗಿದ್ದರೆ ತಡಮಾಡದೆ ಆಯೋಗಕ್ಕೆ ಹೋಗುತ್ತೇನೆ. ನಷ್ಟ ಚಿಕ್ಕದಾಗಿದ್ದರೆ ಒಳ್ಳೆಯ ಗೌಂಡಿಯೇ ಸಾಕು. ಅಡುಗೆಮನೆಯ ಕೆಲಸಕ್ಕೆ ಹೊಸಬರೊಂದಿಗೆ ಈಗ ಮಾಡಿಕೊಂಡಿರುವ ಕರಾರಿನಲ್ಲಿ ಒಟ್ಟು ಹಣದ ಶೇ. 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ನಮ್ಮಲ್ಲೇ ಉಳಿಸಿಕೊಳ್ಳುವ ಷರತ್ತನ್ನು ಸೇರಿಸಿದ್ದೇವೆ, ಅವರು ತಕರಾರಿಲ್ಲದೆ ಸಹಿ ಮಾಡಿದ್ದಾರೆ.