ಹಂಸರಾಜವೋ, ಸಂಜೀವಿನಿಯೋ?

ಗ್ರಂಧಿಗೆ ಅಂಗಡಿಯಲ್ಲಿ ಈ ಎರಡೂ ಮೂಲಿಕೆಗಳು ಸಿಗುತ್ತವೆ. ಯಾವುದು ಬೇಕು ಅನ್ನುವುದು ಯಾಕೆ ಬೇಕು ಅನ್ನುವುದರ ಮೇಲಿದೆ.

ಕೆಮ್ಮು, ಕಫಕ್ಕಾದರೆ ಹಂಸರಾಜ. ಇದು ನಿಜವಾದ ಜರೀಗಿಡ. ಕೂದಲೆಳೆಯಂಥ ಕಪ್ಪು, ಹೊಳೆಯುವ ಕಡ್ಡಿ, ಬೀಸಣಿಗೆ ಆಕಾರದ ಪುಟ್ಟ ಎಲೆ. ನೀರು ಹಾಕಿದರೆ ಎಲೆ ಒದ್ದೆಯಾಗದೆ ಹನಿ ಜಾರಿ ಹೋಗುತ್ತದೆ. ಯುನಾನಿಯಲ್ಲಿ ಇದನ್ನು ಕೆಮ್ಮಿನ ಕಷಾಯಕ್ಕೆ ಹಾಕುತ್ತಾರೆ. ಯುರೋಪಿನಲ್ಲೂ ಹಿಂದೆ ಇದರ ಸಿರಪ್ ಮಾಡುತ್ತಿದ್ದರು. ಇದರ ದಾಯಾದಿ ಹಂಸಪಾದಿ ಆಯುರ್ವೇದದ್ದು. ಮಳೆಗಾಲದಲ್ಲಿ ನಮ್ಮ ಘಟ್ಟದ ದರೆಗಳಲ್ಲಿ, ಎಲೆಯ ತುದಿ ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಟ್ಟು ಮುಂದೆ ಸಾಗುತ್ತದೆ.

ಸಂಜೀವಿನಿ ಅಂತ ಮಾರುವುದು ಸಾಮಾನ್ಯವಾಗಿ ಸೆಲಾಜಿನೆಲ್ಲ ಬ್ರಯೋಪ್ಟೆರಿಸ್ ಅನ್ನುವ ಗಿಡ. ಜರೀಗಿಡವಲ್ಲ, ದೂರದ ನೆಂಟ. ಒಣಗಿದಾಗ ಮುಷ್ಟಿಯಂತೆ ಮುದುಡಿರುತ್ತದೆ, ನೀರಲ್ಲಿಟ್ಟರೆ ಕೆಲವೇ ಗಂಟೆಗಳಲ್ಲಿ ಬಿಚ್ಚಿಕೊಳ್ಳುತ್ತದೆ. ನೋಡೋಕೆ ಚೆಂದ, ಆದರೆ ಅದೇ ಔಷಧಿಗುಣಕ್ಕೆ ಸಾಕ್ಷಿಯಲ್ಲ ಅಲ್ವಾ? ಮಧ್ಯ ಭಾರತದ ಬುಡಕಟ್ಟು ಜನ ಬಿಸಿಲ ಹೊಡೆತ, ಮೂತ್ರದ ತೊಂದರೆಗೆ ಬಳಸುತ್ತಾರೆ. ರಾಮಾಯಣದ ಸಂಜೀವಿನಿ ಯಾವುದಿರಬಹುದು ಅಂತ ವಿಜ್ಞಾನಿ ಕೆ.ಎನ್. ಗಣೇಶಯ್ಯ ಮತ್ತು ಸಂಗಡಿಗರು 2009ರಲ್ಲಿ ಹುಡುಕಿದಾಗ ಇದೂ ಪಟ್ಟಿಯಲ್ಲಿತ್ತು. ಹಾಗಂತ ಜಾಸ್ತಿ ದುಡ್ಡು ಕೊಡಬೇಡಿ.

ನನ್ನನ್ನು ಕೇಳಿದರೆ, ಬಳಕೆಗೆ ಹಂಸರಾಜ. ಕುತೂಹಲಕ್ಕೆ ಬೇಕಿದ್ದರೆ ಸಂಜೀವಿನಿ. ಗರ್ಭಿಣಿಯರಿಗೆ ಎರಡೂ ಬೇಡ. ಕೆಮ್ಮು ಎರಡು ವಾರ ದಾಟಿದರೆ ಕಷಾಯ ಬಿಟ್ಟು ಕಫ ಪರೀಕ್ಷೆ ಮಾಡಿಸಿ.